ಮಡಚಿಟ್ಟ ಭಾಷಣ

ಸಂಘಟಕರು ಬರೆದುಕೊಟ್ಟ ಭಾಷಣವನ್ನು ಮಾಜಿ ಸೈನಿಕ ಮೈಕಿನ ಮುಂದೆಯೇ ಮಡಚಿ ಜೇಬಿಗಿಟ್ಟಾಗ, ಮುಂದಿನ ಸಾಲಿನಲ್ಲಿದ್ದ ಅವನ ಹೆಂಡತಿ ಕುರ್ಚಿಯ ತುದಿಗೆ ಸರಿದು ಕೂತಳು. ದೂರದ ದೇಶಕ್ಕೆ ಸೈನ್ಯ ಕಳಿಸಬೇಕೆಂದು ಹೇಳಿಸಲೆಂದೇ ಅವನನ್ನು ಕರೆಸಿದ್ದರು.

“ಶಾಂತಿ ತರೋಕೆ ಅಂತಲೇ ನಮ್ಮನ್ನೂ ಪರದೇಶಕ್ಕೆ ಕಳಿಸಿದ್ರು. ಅಲ್ಲೊಬ್ಬ ಅಜ್ಜಿ ಮನೆ ಬಾಗಿಲು ಒದ್ದು ಒಳಗೆ ನುಗ್ಗಿದೆ. ‘ನಿನ್ನನ್ನ ಯಾರಪ್ಪ ಕರೆದ್ರು?’ ಅಂತ ಅವಳು ಕೇಳಿದ್ದನ್ನ ದುಭಾಷಿ ನನಗೆ ಹೇಳಿದ. ಅಲ್ಲಿನೋರು ಯಾರೂ ನಮ್ಮನ್ನ ಕರೆದಿರ್ಲಿಲ್ಲ. ನಿಮ್ಮ ಮಕ್ಕಳನ್ನ ಕಳಿಸ್ಬೇಡಿ.”

ಒಂದು ಚಪ್ಪಾಳೆಯೂ ಬೀಳಲಿಲ್ಲ. ಮಂಡಿನೋವಿನ ಕಾಲೆಳೆಯುತ್ತ ಅವನು ಇಳಿದು ಬಂದ. ಪಕ್ಕದ ಕುರ್ಚಿಯ ಮೇಲಿದ್ದ ಚೀಲ ಸರಿಸಿ ಅವಳು, “ಮೂವತ್ತು ವರ್ಷ ನನಗ್ಯಾಕೆ ಹೇಳ್ಲಿಲ್ಲ?” ಎಂದಳು.

“ನೀನು ಏನಂದ್ಕೋತೀಯೋ ಅಂತ ಭಯ ಕಣೇ.”

“ಗುಂಡಿಗೆ ಹೆದರದೋರು ನನಗೆ ಹೆದರಿದ್ರಾ!” ಎನ್ನುತ್ತ, ಸಭೆಯೆಲ್ಲ ದುರುಗುಟ್ಟಿ ನೋಡುತ್ತಿದ್ದಂತೆಯೇ, ಅವನ ಕೈಯನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಳು.