ಶೀನಪ್ಪನ ಮಸಿಕುಪ್ಪಿ

ಮಸಿಯ ವಾಸನೆ ಬಂದರೆ ಇಂದಿಗೂ ನನ್ನ ಕಣ್ಣು ಹೊಳೆಯ ಆಚೆ ದಡವನ್ನು ಹುಡುಕುತ್ತದೆ.

ಹೈಸ್ಕೂಲಿನ ಒಂದೇ ಒಂದು ಉಚಿತ ಸೀಟಿಗೆ ಅಂದು ಮಧ್ಯಾಹ್ನ ಕಡಬದಲ್ಲಿ ಪರೀಕ್ಷೆ. ನಾನೂ ನನಗೆ ಲೆಕ್ಕ ಕಲಿಸಿದ ಗೆಳೆಯ ಶೀನಪ್ಪನೂ ಹೊಳೆ ದಾಟುವ ಕಡವಿಗೆ ಬಂದಾಗ ಹೊಳೆ ಕೆಂಪಾಗಿ ಏರುತ್ತಿತ್ತು. ದೋಣಿಯ ಬಾಬಣ್ಣ ನಮ್ಮಿಬ್ಬರನ್ನೂ ಸೊಂಟ ಹಿಡಿದು ಎತ್ತಿ ನೋಡಿದ.

"ಸಪೂರದವ ಮೊದಲು ಬಾ. ಇನ್ನೊಬ್ಬನಿಗೆ ಮತ್ತೆ ಬರ್ತೇನೆ."

"ಹೋಗು ಮಾರಾಯ, ಇದನ್ನು ಹಿಡ್ಕೊ. ನನ್ನ ಕಿಸೆ ಹರಿದುಂಟು," ಎಂದು ಶೀನಪ್ಪ ಮಸಿಕುಪ್ಪಿ ಕೊಟ್ಟ.

ನಾನು ದಾಟಿ ದಡಕ್ಕೆ ಇಳಿಯುವಷ್ಟರಲ್ಲಿ ಇಡೀ ಮರವೊಂದು ತೇಲಿಬಂತು. "ಇನ್ನು ಆಗುದಿಲ್ಲ," ಎಂದು ಬಾಬಣ್ಣ ದೋಣಿ ಕಟ್ಟಿಬಿಟ್ಟ. ನನ್ನ ಕೂಗು ನೀರಿನ ಸದ್ದಿನಲ್ಲಿ ಮುಳುಗಿತು. ಆಚೆ ಶೀನಪ್ಪ, ಹೋಗು ಹೋಗು ಎಂದು ಕೈ ಬೀಸುತ್ತಿದ್ದ.

ಸೀಟು ನನಗೆ ಸಿಕ್ಕಿತು. "ಹುಡುಗನಿಗೆ ತಲೆ ಉಂಟು," ಎಂದರು ಊರವರು. ಕುಪ್ಪಿ ಹಿಂದೆ ಕೊಡಲು ಹೋದೆ.

"ಇಟ್ಕೊ," ಎಂದ ಶೀನಪ್ಪ. "ನನಗೆ ಇನ್ನೆಂತಕ್ಕೆ?"