ಇಡೀ ಕುಂಬಳಕಾಯಿ

"ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲು ಚಾಕು ಹಾಕಬಾರದಮ್ಮ. ಹಾಕಿದವಳ ಹಿರಿಮಗನಿಗೆ ಕೇಡು. ನಿನ್ನ ಗಂಡ ಬರಲಿ, ಕೊಯ್ದುಕೊಡ್ತಾನೆ," ಎಂದಿದ್ದರು ಅತ್ತೆ.

ಕುಂಬಳಕಾಯಿಗೆ ಮುಖ ಕೊರೆದು ಒಯ್ಯಬೇಕಿದ್ದ ಮಗನ ಶಾಲೆಯ ಹ್ಯಾಲೊವೀನ್ ಹಬ್ಬ ಮಧ್ಯಾಹ್ನಕ್ಕೇ ಇತ್ತು; ಗಂಡ ಬರುವುದು ಸಂಜೆಗೆ. ಸೊಸೆ ಅಂಗಡಿಗೆ ಹೋಗಿ ಬಣ್ಣ ತಂದಳು. ಅತ್ತೆ ದೇವರ ಮನೆಯಲ್ಲಿದ್ದಾಗ ಸದ್ದಿಲ್ಲದೆ ಕಣ್ಣು, ಬಾಯಿ ಕೊರೆದು, ಹಲ್ಲಿಗೆ ಬಿಳಿ ಬಳಿದು ಕಳಿಸಿಬಿಟ್ಟಳು.

ಸಂಜೆ ಗಂಡ ಬೈಕಿನಿಂದ ಬಿದ್ದ ಸುದ್ದಿ ಬಂತು. ಆಸ್ಪತ್ರೆಯ ಬೆಂಚಿನ ಮೇಲೆ ಅವಳಿಗೆ ತಡೆಯಲಾಗಲಿಲ್ಲ.

"ಅತ್ತೆ, ಎಲ್ಲಾ ನನ್ನಿಂದಲೇ. ಕುಂಬಳಕಾಯಿ ಕೊಯ್ದಿದ್ದು ನಾನು."

"ನೀನಾಗಿದ್ರೆ ನಿನ್ನ ಮಗನಿಗೆ ತಟ್ಟಬೇಕಿತ್ತು," ಅತ್ತೆ ತಲೆ ಎತ್ತಲಿಲ್ಲ. "ಒಳಗೆ ಮಲಗಿರೋನು ನನ್ನ ಹಿರಿಮಗ. ನೀನು ಮಾತು ಕೇಳೋಳಲ್ಲ ಅಂತ ಗೊತ್ತಿತ್ತು. ಬಣ್ಣ ತರೋಕೆ ಹೋದಾಗ, ಮೊಮ್ಮಗನಿಗೆ ಏನೂ ಆಗದಿರಲಿ ಅಂತ, ಅದರ ಬುಡಕ್ಕೆ ಮೊದಲು ಚಾಕು ತಾಗಿಸಿದ್ದು ನಾನು."