ಕೋದಂಡರಾಮಪ್ಪನ ಕಾರಿನ ಬೀಗ

ಮುಳಬಾಗಿಲಿನ ಹೆಣ್ಣಿನ ಮನೆಯೆದುರು ಕಾರು ನಿಂತಿತು. ಬಾಗಿಲು ಮಾತ್ರ ತೆರೆಯಲಿಲ್ಲ. ಒಳಗೆ ಮಾಲೂರಿನ ಹೆಂಚಿನ ಕಾರ್ಖಾನೆಯ ಯಜಮಾನ ಕೋದಂಡರಾಮಪ್ಪ, ರೇಷ್ಮೆ ಪಂಚೆಯಲ್ಲಿ ಬೆವರುತ್ತ ಗಾಜು ಗುದ್ದುತ್ತಿದ್ದ.

"ಏನ್ಲಾ ಆಂಜಿನಪ್ಪ, ಕತ್ತೆ ಕಾಯ್ತಿದ್ದೀಯ? ತೆಗೀಲಾ."

ಡ್ರೈವರ್ ಆಂಜಿನಪ್ಪ ತನ್ನ ಬಾಗಿಲ ಗುಂಡಿಯನ್ನು ಎತ್ತಿದ. ಟಕ್ ಎಂದು ಎದ್ದದ್ದು ಟಕ್ ಎಂದು ಮತ್ತೆ ಕುಳಿತಿತು. ಅದರ ಜೊತೆ ಹಿಂದಿನ ಗುಂಡಿಗಳೂ ಕುಳಿತವು. ಕೊನೆಗೆ ಮಗ ಮುನಿಕೃಷ್ಣ ಗಾಜು ಇಳಿಸಿ ಕಿಟಕಿಯಿಂದ ತೂರಿದ. ಮದುವೆ ಗಂಡು ಬೀದಿಯಲ್ಲಿ ಅಂಗಾತ ಬಿದ್ದ. ಅಷ್ಟರಲ್ಲಿ ರಾಹುಕಾಲ ಹತ್ತಿತು. ಶಕುನ ಸರಿಯಿಲ್ಲವೆಂದು ಹೆಣ್ಣಿನ ತಂದೆ ಕೈಮುಗಿದುಬಿಟ್ಟ.

ಶ್ರೀನಿವಾಸಪುರದಲ್ಲೂ ಹೀಗೇ ಆಗಿತ್ತು. ಹೆಣ್ಣಿನವರನ್ನು ಕಾಯಿಸುವುದೇ ದೊಡ್ಡಸ್ತಿಕೆ ಎಂದು ನಂಬಿದವನು ಕೋದಂಡರಾಮಪ್ಪ. ಎಲ್ಲಿಗೆ ಹೋದರೂ ರಾಹುಕಾಲ ಮೂಗಿನ ತುದಿಗೆ ಬರುವ ಹೊತ್ತಿಗೇ ತಲುಪುತ್ತಿದ್ದ.

ಎಂಬತ್ತೇಳರಲ್ಲಿ ಮಾಲೂರಿನಲ್ಲಿ ಅಂಥ ಕಾರು ಇನ್ನೊಂದಿರಲಿಲ್ಲ. ಬೊಂಬಾಯಿಯಿಂದ ತರಿಸಿದ ಪರದೇಶದ ಹಳೆ ಗಾಡಿ. ಮುಂದಿನ ಎರಡು ಬಾಗಿಲಲ್ಲಿ ಯಾವುದರ ಗುಂಡಿ ಒತ್ತಿದರೂ ನಾಲ್ಕಕ್ಕೂ ಬೀಗ. ಕೋದಂಡರಾಮಪ್ಪ ಬಂದವರಿಗೆಲ್ಲ ಅದನ್ನು ಕುಣಿಸಿ ತೋರಿಸುತ್ತಿದ್ದ, ತಾನೇ ಕಂಡುಹಿಡಿದವನ ಹಾಗೆ.

ಮುನಿಕೃಷ್ಣನಿಗೆ ಇದು ಎರಡನೇ ಮದುವೆ. ಮೊದಲನೆಯವಳು ವರ್ಷ ತುಂಬುವ ಮೊದಲೇ, ಮುರಿದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮಾಸ್ತಿಯ ತವರಿಗೆ ಬಸ್ಸು ಹತ್ತಿದ್ದಳು. ಬಚ್ಚಲಲ್ಲಿ ಜಾರಿಬಿದ್ದಳೆಂದು ಅಪ್ಪ ಮಗ ಸಾರಿದರು. ಊರು ನಂಬಿದ ಹಾಗೆ ನಟಿಸಿತು. ಅರ್ಧ ಊರಿಗೆ ಕೆಲಸ ಅವರ ಕಾರ್ಖಾನೆಯಲ್ಲೇ ಇತ್ತಲ್ಲ, ನಾಚಿಕೆಗೆಟ್ಟ ಊರು. ಈಗ ಇನ್ನೊಂದು ಸಂಬಂಧ ತಪ್ಪಿದರೆ ಸುತ್ತಮುತ್ತ ಹೆಣ್ಣು ಕೊಡುವವರೇ ಇರಲಿಲ್ಲ.

ಕಾರು ಕೋಲಾರದ ಮೆಕ್ಯಾನಿಕ್ ಚನ್ನರಾಯಪ್ಪನ ಶೆಡ್ಡಿಗೆ ಹೋಯಿತು. ಕಾರಿಟ್ಟವರನ್ನು ಕಂಡರೆ ಅವನಿಗೆ ತಾತ್ಸಾರ, ಕಾರಿಲ್ಲದವರನ್ನು ಕಂಡರೆ ಇನ್ನೂ ಹೆಚ್ಚು. ಬಾಗಿಲ ರಟ್ಟು ಕಿತ್ತ. ವೈರುಗಳನ್ನು ಎಳೆದ. ಬಾಗಿಲು ಮುಚ್ಚಿದೆಯೋ ತೆರೆದಿದೆಯೋ ಎಂದು ಕಾರಿಗೆ ತಿಳಿಸುವ ಪುಟ್ಟ ಸ್ವಿಚ್ಚುಗಳನ್ನು ಬಿಚ್ಚಿ ಊದಿದ. ಎಷ್ಟು ಸಲ ಒತ್ತಿದರೂ ಬೀಗ ಸರಿಯಾಗಿಯೇ ಬಿತ್ತು, ಸರಿಯಾಗಿಯೇ ತೆರೆಯಿತು.

"ನನ್ನ ಹತ್ರ ಚೆನ್ನಾಗೈತಲ್ಲ ಸ್ವಾಮಿ. ಮುಂದೆ ಎಡಗಡೆ ಯಾರು ಕೂರ್ತಾರೆ?"

"ಯಾರೂ ಇಲ್ಲ. ನಮ್ಮನೆ ಹೆಂಗಸು. ಹಿಂದೆ ಕೂತ್ರೆ ವಾಂತಿ ಮಾಡ್ಕೊಂತಾಳೆ."

"ಹಂಗಾದ್ರೆ ಸ್ವಿಚ್ಚೇ ಬಿಡಿ," ಎಂದು ಚನ್ನರಾಯಪ್ಪ ನಾಲ್ಕನ್ನೂ ಬದಲಾಯಿಸಿದ. ಆಂಜಿನಪ್ಪ ಏನೋ ಹೇಳಹೊರಟವನು ಬಟ್ಟೆ ತೆಗೆದು ಗಾಜು ಒರೆಸತೊಡಗಿದ. ಯಜಮಾನ ಹೇಗೂ ಕೇಳುವವನಲ್ಲ.

ಮುಂದಿನ ಭಾನುವಾರ ಹೋಳೂರಿಗೆ ಹೊರಟರು. ಸ್ವಿಚ್ಚಿನ ಮೇಲೆ ಪೂರ್ತಿ ನಂಬಿಕೆಯಿಲ್ಲದೆ ಕೋದಂಡರಾಮಪ್ಪ ಮೆಕ್ಯಾನಿಕ್ಕನನ್ನೂ ಹಿಂದಿನ ಸೀಟಿನಲ್ಲಿ ತುರುಕಿಕೊಂಡ. ಮುಂದೆ ಹೆಂಡತಿ ಅಶ್ವತ್ಥಮ್ಮ ಸೆರಗು ಹೊದ್ದು ಕಿಟಕಿಗೆ ಒರಗಿದ್ದಳು.

"ಹುಡುಗಿಗೆ ವಯಸ್ಸೆಷ್ಟು?" ಎಂದು ಅವಳು ಕೇಳಿದಳು.

"ಹದಿನೆಂಟು. ನಿನಗ್ಯಾಕೆ ಅದೆಲ್ಲ? ಸುಮ್ನೆ ಕೂತ್ಕೊ."

ಅವಳು ಸುಮ್ಮನೆ ಕೂತಳು. ಆ ಮನೆಯಲ್ಲಿ ಅವಳಿಗೆ ಬಂದಿದ್ದ ವಿದ್ಯೆ ಅದೊಂದೇ ಎಂದು ಗಂಡ ನೆಂಟರ ಮುಂದೆ ನಗುತ್ತಿದ್ದ.

ಹೋಳೂರಿನಲ್ಲಿ ಹುಡುಗಿಯ ತಂದೆ ಮುನಿಯಲ್ಲಪ್ಪ ಅಂಗಳಕ್ಕೆ ಓಡಿಬಂದ. ಹೊಸ್ತಿಲಲ್ಲಿ ಹುಡುಗಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಆಂಜಿನಪ್ಪ ಗುಂಡಿ ಎತ್ತಿದ. ಟಕ್. ಟಕ್.

ಹಿಂದಿನ ಸೀಟಿನಲ್ಲಿ ರಾದ್ಧಾಂತವಾಯಿತು. ಚನ್ನರಾಯಪ್ಪ ಬಾಗಿಲಿಗೆ ಕಿವಿಯಿಟ್ಟ, ಸ್ಕ್ರೂಡ್ರೈವರ್ ತೂರಿಸಿದ, ರಟ್ಟು ಹರಿದ. ಮುನಿಕೃಷ್ಣ ಅವನ ಕುತ್ತಿಗೆ ಪಟ್ಟಿ ಹಿಡಿದು ತಲೆಯನ್ನು ಗಾಜಿಗೆ ಬಡಿದ. ಗಾಜಿನಾಚೆಯಿಂದ ಮುನಿಯಲ್ಲಪ್ಪ ಭಾವೀ ಅಳಿಯನ ಮುಖವನ್ನು ನೋಡುತ್ತ ನಿಂತ.

"ರಾಹುಕಾಲ ಬಂತು ಸ್ವಾಮಿ," ಎಂದ. "ಈ ಸಂಬಂಧ ನಮಗೆ ಬೇಡ ಬಿಡಿ. ಏ ಅಮ್ಮಯ್ಯ, ಒಳಗೆ ಹೋಗು."

"ಈ ದರಿದ್ರ ಕಾರನ್ನ ನಾಳೆನೇ ಸುಟ್ಟಾಕ್ತೀನಿ," ಎಂದು ಕೋದಂಡರಾಮಪ್ಪ ಹಲ್ಲು ಕಡಿದ. ಪರದೇಶದವರನ್ನು ಬೈದ, ಮೆಕ್ಯಾನಿಕ್ಕನನ್ನು ಬೈದ, ಆಂಜಿನಪ್ಪನ ಹುಟ್ಟನ್ನು ಬೈದ. ಆಂಜಿನಪ್ಪ ತನ್ನ ಎಡಕ್ಕೆ ಕಣ್ಣು ಹಾಯಿಸದೆ, ನೇರ ರಸ್ತೆಯನ್ನೇ ನೋಡುತ್ತ ಎಲ್ಲವನ್ನೂ ಕೇಳಿಸಿಕೊಂಡ.

ಹುಡುಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡದ್ದನ್ನು ಕಣ್ಣಾರೆ ಕಂಡಮೇಲೆ, ಅಶ್ವತ್ಥಮ್ಮ ಸೆರಗಿನ ಮರೆಯಲ್ಲಿ ಗುಂಡಿಯ ಮೇಲೆ ಒತ್ತಿ ಹಿಡಿದಿದ್ದ ಮೊಣಕೈಯನ್ನು ತೆಗೆದಳು.